ಬೆಂಕಿಪುರದ ಇದ್ದಿಲು, ಕತ್ತಲೆಕಾನಿನ ಸಿಂಗಳೀಕ

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಈ ಹೆಸರು ಬಂದಿರಬೇಕು ಎಂದು ಹಲವರು ಭಾವಿಸುವುದುಂಟು. ಅದು ಹಾಗಲ್ಲ. ಕಾರ್ಖಾನೆಗಿಂತ ಹೆಸರೇ ಹಳೆಯದು. ಆದರೆ 1923ರ ಜನವರಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ, ಹೆಸರು ಅನ್ವರ್ಥವಾಯಿತು ಎನ್ನಲು ಅಡ್ಡಿಯಿಲ್ಲ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿದು ಬರುತ್ತಿತ್ತು. ನೀರು ಭದ್ರಾ ನದಿಯದು. ಆದರೆ ಬೆಂಕಿಗೆ ಏನು? ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿನ ಗಣಿ ಇರಲಿಲ್ಲ. ಇದ್ದದ್ದು ಕಾಡು. ಹೀಗಾಗಿ ಮಲೆನಾಡಿನ ಮರಗಳನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಅದಿರು ಕರಗಿಸುವ ಕಾರ್ಖಾನೆಯಾಗಿ ಅದು ಹುಟ್ಟಿತು. ಇದ್ದಿಲಿನ ಜೊತೆಗೆ ಮರದಿಂದ ಸ್ಪಿರಿಟ್, ಟಾರು ಮುಂತಾದವನ್ನು ತೆಗೆಯುವ ಘಟಕವೂ ಅಲ್ಲಿತ್ತು.

ಇದಕ್ಕೂ ಜೋಗ ದಾಟಿ ಹೊನ್ನಾವರದ ಕಡೆಗೆ ಘಟ್ಟ ಇಳಿಯುವಲ್ಲಿ ಸಿಗುವ ಕತ್ತಲೆಕಾನಿನ ಒಂದು ಮಂಗನಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಸಂಬಂಧವಿದೆ. ಅದು ನೇರವಾದ ಸಂಬಂಧವಲ್ಲ. ಸುತ್ತು ಬಳಸಿ ಬರುವಂಥದು.

ಆ ಮಂಗನ ಹೆಸರು ಸಿಂಗಳೀಕ. ತುಂಟ ಹುಡುಗರನ್ನು ಬಯ್ಯಲು ಈ ಪದ ಬಳಸುವ ಬಹಳ ಮಂದಿ ಅದನ್ನು ಕಣ್ಣಾರೆ ಕಂಡವರಲ್ಲ. ಮಲೆನಾಡಿನವರಿಗೆ ಊರ ಮಂಗ ಗೊತ್ತು, ಕಪ್ಪು ಮೋರೆಯ ಮುಸುವ ಗೊತ್ತು. ಇವೆರಡೂ ಮನೆಯಂಗಳಕ್ಕೆ, ತೋಟಕ್ಕೆ ಬರುತ್ತವೆ, ಬಾಳೆಗೊನೆ ಮುರಿಯುತ್ತವೆ, ಬಯ್ಗುಳ ತಿನ್ನುತ್ತವೆ. ಸಿಂಗಳೀಕ ಹಾಗಲ್ಲ. ಅದು ಮರದಿಂದ ನೆಲಕ್ಕೆ ಇಳಿಯುವುದೇ ಅಪರೂಪ. ಮೈ ಕಡುಕಪ್ಪು, ಮುಖದ ಸುತ್ತ ಬೂದು ಬಿಳಿ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಕುಚ್ಚು. ಸ್ವೀಡನ್ನಿನ ಲಿನೇಯಸ್ 1758ರಷ್ಟು ಹಿಂದೆಯೇ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಿದ್ದ. ಇಡೀ ಜಗತ್ತಿನಲ್ಲಿ ಈ ಪ್ರಾಣಿ ಇರುವುದು ನಮ್ಮ ಪಶ್ಚಿಮ ಘಟ್ಟಗಳಲ್ಲಿ ಮಾತ್ರ. ಕರ್ನಾಟಕ, ಕೇರಳ, ತಮಿಳುನಾಡುಗಳ ಮಳೆಕಾಡುಗಳಲ್ಲಿ ಅಲ್ಲಲ್ಲಿ ಚದುರಿಹೋಗಿರುವ ಇವುಗಳ ಒಟ್ಟು ಸಂಖ್ಯೆ ಸುಮಾರು ನಾಲ್ಕು ಸಾವಿರ ಎಂಬ ಅಂದಾಜಿದೆ. ಅಪಾಯದ ಅಂಚಿನಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಹುಲಿ ಆನೆಗಳ ಸಾಲಿನಲ್ಲಿ, ಇದೂ ಇದೆ.

ಈ ಪ್ರಾಣಿ ಇಷ್ಟು ಬೇಗ ಕಷ್ಟಕ್ಕೆ ಸಿಲುಕಲು ಅದರ ಸ್ವಭಾವವೇ ಅರ್ಧ ಕಾರಣ. ಸಿಂಗಳೀಕದ ಹೆಣ್ಣು ಮೊದಲ ಮರಿ ಹಾಕುವ ವೇಳೆಗೆ ಆರೇಳು ವರ್ಷ ದಾಟಿರುತ್ತದೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಎರಡು ವರ್ಷಕ್ಕೂ ಹೆಚ್ಚು ಅಂತರ. ಒಂದು ಗುಂಪು ಎಂದರೆ ಹತ್ತರಿಂದ ಇಪ್ಪತ್ತು ಪ್ರಾಣಿಗಳು. ಅವು ವರ್ಷವಿಡೀ ಹಣ್ಣು, ಬೀಜ, ಹುಳುಹುಪ್ಪಟೆ ಹುಡುಕುತ್ತ ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತವೆ. ಮರದ ನೆತ್ತಿಗಳು ಒಂದಕ್ಕೊಂದು ತಾಗಿದ್ದರೆ ಮಾತ್ರ ಅದು ಸಾಧ್ಯ. ನಡುವೆ ಅಗಲವಾದ ರಸ್ತೆಯೋ, ವಿದ್ಯುತ್ ತಂತಿಯ ಮಾರ್ಗವೋ, ಅಣೆಕಟ್ಟಿನ ಹಿನ್ನೀರೋ ಬಂದರೆ ಅದರ ಲೋಕ ಎರಡು ಹೋಳು. ಹುಲಿ ರಾತ್ರಿ ಹೊತ್ತು ಬಯಲು ದಾಟಿ ಹೋಗಬಲ್ಲದು. ಸಿಂಗಳೀಕಕ್ಕೆ ಆ ಧೈರ್ಯವಿಲ್ಲ.

ಈಗ ಮತ್ತೆ ಭದ್ರಾವತಿಗೆ. ಕಾಡಿನ ಸೌದೆ ಎಷ್ಟು ಕಾಲ ಸಾಕಾದೀತು ಎಂಬ ಚಿಂತೆ ಕಾರ್ಖಾನೆಯ ಜೊತೆಗೇ ಬೆಳೆಯಿತು. ಅಷ್ಟರಲ್ಲಿ ಶರಾವತಿಯ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸ ಆರಂಭವಾಗಿತ್ತು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಶುರು ಮಾಡಿತು. 1952ರಲ್ಲಿ ಭದ್ರಾವತಿಗೆ ವಿದ್ಯುತ್ತಿನಿಂದ ಅದಿರು ಕರಗಿಸುವ ಕುಲುಮೆಗಳು ಬಂದವು. ಮರ ಸುಡುವ ಬದಲು ನೀರಿನ ಬಲದಿಂದ ಕಬ್ಬಿಣ ಎಂಬುದು ಆ ಕಾಲಕ್ಕೆ ಕಾಡಿನ ಪಾಲಿಗೆ ಶುಭವಾರ್ತೆಯೇ ಆಗಿತ್ತು. ಆದರೆ ನಾಡಿನ ವಿದ್ಯುತ್ ಹಸಿವು ಒಂದು ಕಾರ್ಖಾನೆಯದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಹೊಳೆಯ ಇಕ್ಕೆಲದ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಕಾಡು ಎಲ್ಲವೂ ಸೇರಿ ಸುಮಾರು 300 ಚದರ ಕಿಲೋಮೀಟರ್ ಪ್ರದೇಶ ನೀರಿನಡಿ ಸೇರಿತು. ಕಾಡು ಉಳಿಸಬಹುದಾಗಿದ್ದ ವಿದ್ಯುತ್ತೇ ಕಾಡನ್ನು ಮುಳುಗಿಸಿದ ಕತೆ ಇದು. ಮುಳುಗಿದ ಊರಿನವರಿಗೆ ಬೇರೆಡೆ ಜಾಗ ತೋರಿಸಲಾಯಿತು. ಆ ಜಾಗವೂ ಬಹುಪಾಲು ಕಾಡೇ. ಶಿವಮೊಗ್ಗ ನಗರದ ಅಂಚಿಗೇ ತಾಗಿಕೊಂಡಿರುವ ಶೆಟ್ಟಿಹಳ್ಳಿ ಕಾಡಿನೊಳಗೂ ಅಂಥ ಊರುಗಳಿವೆ. ಮುಂದೆ 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ನಾಡಿಗೆ ಬೆಳಕು ಕೊಟ್ಟವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಶಿವಮೊಗ್ಗದ ಬೀದಿಗಳಲ್ಲಿ ಮೆರವಣಿಗೆ ಮಾಡಬೇಕಾಗಿ ಬಂದದ್ದು ಈ ಜಿಲ್ಲೆಯ ಓದುಗರಿಗೆ ಹೊಸ ಸುದ್ದಿಯೇನಲ್ಲ. ಸಿಂಗಳೀಕದ ಮಾತು ಬಂದಾಗ ಇವರನ್ನು ಮರೆತರೆ ಅರ್ಧ ಕತೆ ಹೇಳಿದಂತೆ.

ಭದ್ರಾವತಿಯ ಇನ್ನೊಂದು ಕಾರ್ಖಾನೆಯ ಪಾತ್ರವೂ ಇಲ್ಲಿದೆ. 1930ರ ದಶಕದಲ್ಲಿ ಆರಂಭವಾದ ಮೈಸೂರು ಕಾಗದ ಕಾರ್ಖಾನೆ 1980ರ ದಶಕದಲ್ಲಿ ಪತ್ರಿಕೆಗಳಿಗೆ ಬೇಕಾದ ಮುದ್ರಣ ಕಾಗದವನ್ನೂ ತಯಾರಿಸುತ್ತಿತ್ತು. ಕಾಡು ನಾಶವಾಗುತ್ತಿದೆ ಎಂಬ ಲೇಖನಗಳು ಅದೇ ಕಾಗದದ ಮೇಲೆ ಅಚ್ಚಾದದ್ದೂ ಇರಬಹುದು! ಅದಕ್ಕೆ ಬೇಕಾದ ಮರಕ್ಕಾಗಿ ಮಲೆನಾಡಿನ ಸಾವಿರಾರು ಹೆಕ್ಟೇರಿನಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. ದೂರದಿಂದ ನೋಡಿದರೆ ಹಸಿರೇ. ಆದರೆ ಹಣ್ಣು ತಿಂದು ಬದುಕುವ ಮಂಗನಿಗೆ ಅಕೇಶಿಯಾ ತೋಪು ಎಂದರೆ ಬರಗಾಲದ ಸೀಮೆ. ಕಾರ್ಖಾನೆ 2015ರಲ್ಲಿ ಬಾಗಿಲು ಹಾಕಿತು. ಆದರೂ 2020ರಲ್ಲಿ ನೆಡುತೋಪಿನ ಭೂಮಿಯ ಗುತ್ತಿಗೆಯನ್ನು ನಲವತ್ತು ವರ್ಷಕ್ಕೆ ನವೀಕರಿಸುವ ಆದೇಶ ಹೊರಬಿದ್ದಾಗ, ನಮ್ಮೂರಿಗೆ ಅಕೇಶಿಯಾ ಬೇಡ ಎಂಬ ಕೂಗು ಶಿವಮೊಗ್ಗ ಜಿಲ್ಲೆಯ ಉದ್ದಗಲಕ್ಕೂ ಕೇಳಿಬಂತು.

ಹಾಗಾದರೆ ನಿಜವಾದ ಕಾಡು ಉಳಿದದ್ದೆಲ್ಲಿ? ಉತ್ತರ ಒಂದೇ ಪದದ್ದು: ಕಾನು.

ಸೊರಬ, ಸಾಗರ, ಸಿದ್ದಾಪುರ, ಶಿರಸಿ ಕಡೆಯ ಹಳ್ಳಿಗರಿಗೆ ಕಾಡು ಬೇರೆ, ಕಾನು ಬೇರೆ. ಸೌದೆ, ಸೊಪ್ಪು ತರುವುದು ಕಾಡಿನಿಂದ, ಸೊಪ್ಪಿನಬೆಟ್ಟದಿಂದ. ಕಾನು ಎಂದರೆ ಬಿಸಿಲು ನೆಲಕ್ಕೆ ಬೀಳದಷ್ಟು ದಟ್ಟವಾದ ನಿತ್ಯಹರಿದ್ವರ್ಣದ ತಾಣ. ಅದರೊಳಗೆ ಚೌಡಿ, ಭೂತಪ್ಪ, ಜಟಕನಂಥ ದೇವರುಗಳ ನೆಲೆ. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಹಾಗೆಂದು ಅದು ಬರೀ ಭಯಭಕ್ತಿಯ ಜಾಗವಾಗಿರಲಿಲ್ಲ. ಕಾಡು ಮೆಣಸು, ರಾಮಪತ್ರೆ, ದಾಲ್ಚಿನ್ನಿ, ಬೈನೆ ಮರದ ಕಳ್ಳು ಇವೆಲ್ಲ ಕಾನಿನ ಉತ್ಪನ್ನಗಳು. ಎಲ್ಲಕ್ಕಿಂತ ಮಿಗಿಲಾಗಿ, ಬೇಸಿಗೆಯಲ್ಲೂ ಬತ್ತದ ಒರತೆ. ಕೆಳಗಿನ ಅಡಿಕೆ ತೋಟಕ್ಕೂ ಗದ್ದೆಗೂ ನೀರು ಇಳಿಯುತ್ತಿದ್ದದ್ದು ಕಾನಿನಿಂದಲೇ. ದೇವರ ಹೆಸರಿನ ಹಿಂದೆ ನೀರಿನ ಲೆಕ್ಕಾಚಾರವೂ ಇತ್ತು ಎಂದರೆ ದೈವಭಕ್ತರು ಮುನಿಯಬಾರದು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ ಈ ಸೀಮೆಯ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್, ಕಾಡು ಊರ ದೇವರಿಗೆ ಸೇರಿದ್ದೆಂದೂ ಊರ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಉತ್ತರ ಕನ್ನಡದಲ್ಲಿ ಜನ ಹೇಳಿದ್ದನ್ನು ದಾಖಲಿಸಿದ್ದಾನೆ. ಆ ಗೌಡನೇ ದೇವರ ಪೂಜಾರಿಯೂ ಆಗಿರುತ್ತಿದ್ದ. ಮರಗಳನ್ನು ಕಂಪನಿ ಸರ್ಕಾರ ಕೇಳದಂತೆ ಮಾಡಲು ಇದೊಂದು ನೆಪ ಎಂಬುದು ಬುಕಾನನ್ನನ ಅನುಮಾನ. ಅಧಿಕಾರಿಯ ಕಣ್ಣು ಎಂದರೆ ಹಾಗೆ!

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ಜಂಟಿ ವರದಿಯೊಂದನ್ನು ಸಿದ್ಧಪಡಿಸಿದರು. ಅದರ ಪ್ರಕಾರ ಆ ಒಂದು ತಾಲ್ಲೂಕಿನಲ್ಲೇ 171 ಕಾನುಗಳಿದ್ದವು. ವಿಸ್ತೀರ್ಣ 32 ಸಾವಿರ ಎಕರೆಗೂ ಮಿಕ್ಕಿ. ಮುಂದೆ ಇವುಗಳಲ್ಲಿ ಹಲವು ಸರ್ಕಾರದ ಮೀಸಲು ಕಾಡಾದವು, ಕೆಲವು ಸಾಗುವಳಿಗೆ ಸಿಕ್ಕವು, ಕೆಲವುಗಳ ದೊಡ್ಡ ಮರಗಳು ಪ್ಲೈವುಡ್‌ಗೆಂದು ಉರುಳಿದವು. ಊರಿನವರ ಹಕ್ಕು ಹೋದ ಮೇಲೆ ಊರಿನವರ ಕಾವಲೂ ಸಡಿಲವಾಯಿತು. ಇದರಲ್ಲಿ ಸರ್ಕಾರದ್ದೊಂದೇ ತಪ್ಪು ಎನ್ನುವಂತಿಲ್ಲ. ಒತ್ತುವರಿ ಮಾಡಿದ ಕೈಗಳಲ್ಲಿ ಊರಿನವರದೂ ಇದ್ದವು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಇಂಥ ಕಾನುಗಳಲ್ಲಿ ಹೆಸರಾದದ್ದು. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ಎಂದರೆ, ವರ್ಷಪೂರ್ತಿ ನೀರು ಜಿನುಗುವ ತಗ್ಗಿನಲ್ಲಿ ಬೇರುಗಳನ್ನು ಮಂಡಿಯಂತೆ ಮೇಲಕ್ಕೆ ಮಡಚಿ ನಿಂತ ಮರಗಳ ಕೊಳಗಾಡು. ಭೂಮಿಯ ಮೇಲಿನ ಅತ್ಯಂತ ಪುರಾತನ ಬಗೆಯ ಕಾಡುಗಳಲ್ಲಿ ಇದೂ ಒಂದೆಂದು ಸಸ್ಯಶಾಸ್ತ್ರಜ್ಞರು ಗುರುತಿಸುತ್ತಾರೆ. 2000ದಲ್ಲಿ ವಿಜ್ಞಾನಿಗಳು ಇಲ್ಲಿ ಪತ್ತೆಹಚ್ಚಿದ ಗೇರಿನ ಕುಟುಂಬದ ಹೊಸ ಮರವೊಂದಕ್ಕೆ ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಈ ಜಡ್ಡಿಗಳ ಮರದ ನೆತ್ತಿಯಲ್ಲೇ ಸಿಂಗಳೀಕಗಳ ಓಡಾಟ.

ದೇಶದ ಗಮನ ಸಿಂಗಳೀಕದ ಕಡೆ ಹರಿದದ್ದು ಕೇರಳದಿಂದ. ಅಲ್ಲಿನ ಸೈಲೆಂಟ್ ವ್ಯಾಲಿಯಲ್ಲಿ ಕಟ್ಟಲು ಹೊರಟಿದ್ದ ಅಣೆಕಟ್ಟಿನ ವಿರುದ್ಧ 1970ರ ದಶಕದಲ್ಲಿ ಎದ್ದ ಚಳವಳಿಗೆ ಈ ಮಂಗವೇ ಲಾಂಛನದಂತಾಯಿತು. ಯೋಜನೆ ಕೈಬಿಟ್ಟು 1984ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅದೇ ಹೊತ್ತಿಗೆ ಉತ್ತರ ಕನ್ನಡವೂ ಸುಮ್ಮನಿರಲಿಲ್ಲ. ಬೇಡ್ತಿ ಯೋಜನೆಯ ಸಾಧಕ ಬಾಧಕಗಳ ಬಗ್ಗೆ 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಯಿತು. ಅಡಿಕೆ ಬೆಳೆಗಾರರೇ ಮುಂದೆ ನಿಂತು ವಿಜ್ಞಾನಿಗಳನ್ನು ಕರೆಸಿ ಲೆಕ್ಕ ಕೇಳಿದ ಅಪರೂಪದ ಸಂದರ್ಭ ಅದು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಯುವಕರು ಕಳಸೆ ಕಾಡಿಗೆ ನಡೆದುಹೋಗಿ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ಅವರು ಅಪ್ಪಿಕೊಂಡದ್ದು ಮಂಗನಿಗಾಗಿ ಅಲ್ಲ, ತಮ್ಮ ತೋಟಕ್ಕೆ ಬೇಕಾದ ನೀರಿಗಾಗಿ, ಸೊಪ್ಪಿಗಾಗಿ. ಆದರೆ ಉಳಿದ ಮರದ ಮೇಲೆ ಮಂಗ ಉಳಿಯಿತು.

ಕರ್ನಾಟಕದಲ್ಲಿ ಸಿಂಗಳೀಕ ಎಲ್ಲೆಲ್ಲಿದೆ ಎಂಬುದನ್ನು ಕೆ. ಉಲ್ಲಾಸ ಕಾರಂತರು 1980ರ ದಶಕದಲ್ಲಿ ಅಧ್ಯಯನ ಮಾಡಿ 1985ರಲ್ಲಿ ಪ್ರಕಟಿಸಿದ್ದರು. ನಿಜವಾದ ಅಚ್ಚರಿ ಕಾದಿದ್ದದ್ದು ಮುಂದಿನ ಶತಮಾನದ ಆರಂಭಕ್ಕೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಎಚ್.ಎನ್. ಕುಮಾರ ಅವರು ಶಿರಸಿ, ಹೊನ್ನಾವರ ಭಾಗದ ಕಾಡುಗಳನ್ನು ಕಾಲ್ನಡಿಗೆಯಲ್ಲಿ ಜಾಲಾಡಿದಾಗ 32 ಗುಂಪುಗಳು ಕಂಡುಬಂದವು. ಆರು ನೂರಕ್ಕೂ ಹೆಚ್ಚು ಪ್ರಾಣಿಗಳು! ಅದೂ ಯಾವುದೇ ಅಭಯಾರಣ್ಯದ ಬೇಲಿಯಿಲ್ಲದ, ಊರುಗಳ ನಡುವಿನ ಕಾಡಿನಲ್ಲಿ. ಸಿಂಗಳೀಕದ ನೆಲೆಯ ಉತ್ತರದ ತುದಿಯೂ ಇದೇ. ತಜ್ಞರು ಪಟ್ಟಿಯಲ್ಲಿ ಬರೆದುಕೊಂಡಿರದ ಈ ದೊಡ್ಡ ಸಂತತಿ ಅಡಿಕೆ ತೋಟಗಳ ಮಗ್ಗುಲಲ್ಲೇ ಬದುಕಿಕೊಂಡು ಬಂದಿತ್ತು.

ಬದುಕಿಕೊಂಡಿತ್ತು ಎಂದ ಮಾತ್ರಕ್ಕೆ ಸುಖವಾಗಿತ್ತು ಎಂದಲ್ಲ. ಇಲ್ಲಿ ಉಪ್ಪಾಗೆಯ ಕತೆ ಹೇಳಲೇಬೇಕು. ಉಪ್ಪಾಗೆ ಮಲೆನಾಡಿನವರಿಗೆ ಹುಳಿಗೆ ಬೇಕಾದ ಕಾಯಿ. ಬೀಜದಿಂದ ತುಪ್ಪವನ್ನೂ ತೆಗೆಯುತ್ತಾರೆ. ಸಿಂಗಳೀಕಕ್ಕೂ ಅದು ಪ್ರಿಯವಾದ ಆಹಾರ. 1990ರ ದಶಕದಲ್ಲಿ ಉಪ್ಪಾಗೆಯ ಸಿಪ್ಪೆಯಲ್ಲಿರುವ ಆಮ್ಲ ಬೊಜ್ಜು ಕರಗಿಸುತ್ತದೆ ಎಂದು ಪರದೇಶಗಳಲ್ಲಿ ಮಾತ್ರೆಗಳು ಮಾರಾಟಕ್ಕೆ ಬಂದವು. ಅಮೆರಿಕದವರ ಸೊಂಟ ಸಣ್ಣದಾಗಲು ನಮ್ಮ ಘಟ್ಟದ ಉಪ್ಪಾಗೆಗೆ ಬೆಲೆ ಏರಿತು. ಕೂಲಿಯಿಲ್ಲದ ಮಳೆಗಾಲದಲ್ಲಿ ಬಡ ಕುಟುಂಬಗಳಿಗೆ ಇದೊಂದು ಒಳ್ಳೆಯ ವರಮಾನವಾಯಿತು. ಜೊತೆಗೆ ಪೈಪೋಟಿಯೂ ಬಂತು. ಇನ್ನೊಬ್ಬರು ಕೊಯ್ಯುವ ಮೊದಲೇ ತಾವು ಕೊಯ್ಯಬೇಕೆಂಬ ಆತುರದಲ್ಲಿ ಕಾಯಿ ಬಲಿಯುವ ಮುಂಚೆಯೇ ಕಿತ್ತರು, ಕೊಂಬೆಗಳನ್ನೇ ಕಡಿದು ಕೆಡವಿದರು. ಸುರಿಯುವ ಮಳೆಯಲ್ಲಿ ಸಿಪ್ಪೆ ಒಣಗಿಸಲು ಬಿಸಿಲೆಲ್ಲಿ? ಅಟ್ಟ ಕಟ್ಟಿ ಕೆಳಗೆ ಹಗಲಿರುಳು ಬೆಂಕಿ ಹಾಕಬೇಕು. ಅದಕ್ಕೆ ಮತ್ತೆ ಕಾಡಿನದೇ ಸೌದೆ. ಬೆಂಕಿಪುರದ ದೊಡ್ಡ ಕುಲುಮೆಯ ಕೆಲಸವನ್ನು ಮನೆಮನೆಯ ಸಣ್ಣ ಒಲೆಗಳು ಮುಂದುವರಿಸಿದಂತಾಯಿತು.

ಇದಕ್ಕೆ ಪರಿಹಾರವೆಂದು ಜನರನ್ನು ಕಾಡಿನಿಂದ ಹೊರದಬ್ಬುವುದು ಸುಲಭದ ದಾರಿ. ಆದರೆ ಇಲ್ಲಿ ಹಿಡಿದದ್ದು ಬೇರೆ ದಾರಿ. ಸಂಶೋಧಕರು, ಸ್ವಯಂಸೇವಾ ಸಂಸ್ಥೆಗಳು, ಗ್ರಾಮ ಅರಣ್ಯ ಸಮಿತಿಗಳು ಕೊಯ್ಲಿನ ಕ್ರಮದ ಬಗ್ಗೆ ಮಾತುಕತೆ ನಡೆಸಿದವು. ಕಾಯಿ ಹಣ್ಣಾಗುವವರೆಗೆ ಕಾಯುವುದು, ಕೊಂಬೆ ಕಡಿಯದಿರುವುದು, ಮರದಲ್ಲಿ ಒಂದಿಷ್ಟನ್ನು ಪ್ರಾಣಿಗಳಿಗೆ ಬಿಡುವುದು, ಕಡಿಮೆ ಸೌದೆ ಬೇಡುವ ಒಲೆ ಬಳಸುವುದು ಇವು ಆ ಮಾತುಕತೆಯ ವಿಷಯಗಳು. ಇವೆಲ್ಲ ಕೇಳಲು ಸಣ್ಣ ಸಂಗತಿಗಳು. ಆದರೆ ಕಾನಿನ ಹಳೆಯ ಕಟ್ಟುಪಾಡುಗಳೂ ಹೆಚ್ಚುಕಡಿಮೆ ಇವೇ ಆಗಿದ್ದವು ಎಂಬುದು ಗಮನಾರ್ಹ.

ಕಾನೂನಿನಲ್ಲೂ ಅದಕ್ಕೊಂದು ಜಾಗ ಸಿಕ್ಕಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ‘ಸಂರಕ್ಷಿತ ಮೀಸಲು’ ಎಂಬ ಹೊಸ ಬಗೆಯನ್ನು ಸೇರಿಸಿತ್ತು. ಸ್ಥಳೀಯರೊಂದಿಗೆ ಸಮಾಲೋಚಿಸಿಯೇ ಇದನ್ನು ಘೋಷಿಸಬೇಕು. ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ, ಆ ಪ್ರದೇಶ ಯಾವ ಯಾವ ಗ್ರಾಮ ಪಂಚಾಯತಿಗೆ ಸೇರಿದೆಯೋ ಆ ಪ್ರತಿಯೊಂದರಿಂದಲೂ ಒಬ್ಬ ಪ್ರತಿನಿಧಿ ಇರಬೇಕು. ಅಭಯಾರಣ್ಯದಷ್ಟು ಬಿಗಿ ನಿರ್ಬಂಧಗಳಿಲ್ಲ. ಅನಂತ ಹೆಗಡೆ ಅಶೀಸರ ಅವರ ನೇತೃತ್ವದ ಪಶ್ಚಿಮ ಘಟ್ಟ ಕಾರ್ಯಪಡೆ ಈ ಅವಕಾಶವನ್ನು ಬಳಸಿಕೊಳ್ಳಲು ಒತ್ತಾಯಿಸಿತು. 2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಮಂಗವೊಂದರ ಹೆಸರಿನಲ್ಲಿ, ಊರುಗಳನ್ನು ಎಬ್ಬಿಸದೆ ಕಾಡು ಕಾಯುವ ಪ್ರಯೋಗ ಅದು.

ಎಂಟು ವರ್ಷಗಳ ನಂತರ ಚಿತ್ರ ಬದಲಾಯಿತು. 1972ರಿಂದ ಇದ್ದ 431 ಚದರ ಕಿಲೋಮೀಟರಿನ ಶರಾವತಿ ಕಣಿವೆ ಅಭಯಾರಣ್ಯ, ಅಘನಾಶಿನಿ ಸಂರಕ್ಷಿತ ಪ್ರದೇಶ ಮತ್ತು ಅವುಗಳ ನಡುವಿನ ಮೀಸಲು ಕಾಡುಗಳನ್ನು ಒಗ್ಗೂಡಿಸಿ 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂದು ಘೋಷಿಸಲಾಯಿತು. ಒಟ್ಟು 930 ಚದರ ಕಿಲೋಮೀಟರ್. ಶಿವಮೊಗ್ಗ, ಉತ್ತರ ಕನ್ನಡ ಎರಡೂ ಜಿಲ್ಲೆಗಳಿಗೆ ಹಬ್ಬಿದ್ದು. ಮರದಿಂದ ಮರಕ್ಕೆ ಸಾಗುವ ಪ್ರಾಣಿಗೆ ಕಾಡು ಒಂದೇ ತುಂಡಾಗಿ ರಕ್ಷಣೆ ಪಡೆದದ್ದು ನಿಸ್ಸಂದೇಹವಾಗಿ ಲಾಭ. ಆದರೆ ಹಳ್ಳಿಗರ ಆತಂಕಕ್ಕೂ ಕಾರಣವಿದೆ. ಅಭಯಾರಣ್ಯಕ್ಕೂ ಸಲಹಾ ಸಮಿತಿಯ ಅವಕಾಶ ಕಾಯ್ದೆಯಲ್ಲಿದೆ. ಅದರಲ್ಲಿ ಪಂಚಾಯತ್ ಸಂಸ್ಥೆಗಳಿಗೆ ಹೇಳಿರುವುದು ಮೂರೇ ಸ್ಥಾನ. ಊರಿಗೊಬ್ಬ ಕೂರುತ್ತಿದ್ದ ಜಾಗದಲ್ಲಿ ಇಡೀ ಸೀಮೆಗೆ ಮೂವರು.

ಅದೇ 2019ರ ಆರಂಭದ ತಿಂಗಳುಗಳಲ್ಲಿ ಈ ಕಣಿವೆಯ ಮಗ್ಗುಲಲ್ಲಿರುವ ಸಾಗರ ತಾಲ್ಲೂಕಿನ ಅರಳಗೋಡು ಮಂಗನ ಕಾಯಿಲೆಯಿಂದ ತತ್ತರಿಸಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಹರಡುವುದು ಉಣ್ಣೆಗಳಿಂದ. ಕಾಡಿನಲ್ಲಿ ಸತ್ತು ಬೀಳುವುದು ಮುಖ್ಯವಾಗಿ ಊರ ಮಂಗ ಮತ್ತು ಮುಸುವ. ಆದರೆ ಮನೆಯವರನ್ನು ಕಳೆದುಕೊಂಡ ಊರಿನಲ್ಲಿ ನಿಂತು, ಇದು ಆ ಮಂಗವಲ್ಲ, ಈ ಮಂಗವನ್ನು ಉಳಿಸಬೇಕು ಎಂದು ಹೇಳುವುದು ಸುಲಭವಲ್ಲ. ಲಸಿಕೆ, ಆಸ್ಪತ್ರೆ, ಆಂಬುಲೆನ್ಸ್ ಕೇಳುತ್ತಿದ್ದವರಿಗೆ ಅಭಯಾರಣ್ಯದ ಅಧಿಸೂಚನೆ ಮೊದಲು ಬಂತು ಎಂಬ ಸಿಟ್ಟನ್ನು ಅರ್ಥಮಾಡಿಕೊಳ್ಳಬೇಕಾಗುತ್ತದೆ.

ಶರಾವತಿಯ ಕಡೆಯಿಂದ ಮತ್ತೊಂದು ಪ್ರಶ್ನೆಯೂ ಎದ್ದಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಸುರಂಗ ಕೊರೆದು, ಬೇಡಿಕೆ ಕಡಿಮೆಯಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು 2,000 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಯದು. ಸ್ಥಳ ಇದೇ ಅಭಯಾರಣ್ಯದ ಒಳಗೆ. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಅದಕ್ಕೆ ತಾತ್ವಿಕ ಒಪ್ಪಿಗೆ ನೀಡಿತು. ಸೂರ್ಯನ, ಗಾಳಿಯ ವಿದ್ಯುತ್ತನ್ನು ಕೂಡಿಡಲು ಇಂಥ ಯೋಜನೆ ಬೇಕು ಎನ್ನುವುದು ಒಂದು ವಾದ. ಇರುವ ಜಲಾಶಯಗಳನ್ನೇ ಬಳಸುವುದರಿಂದ ಹೊಸ ಮುಳುಗಡೆ ಅಷ್ಟಾಗಿ ಇಲ್ಲ ಎಂಬುದೂ ನಿಜ. ಆದರೆ ರಸ್ತೆ ಅಗಲವಾಗುತ್ತದೆ, ಸಾವಿರಾರು ಮರ ಬೀಳುತ್ತವೆ, ನೆತ್ತಿಯ ದಾರಿ ತುಂಡಾಗುತ್ತದೆ. ಅದೇ ವರ್ಷ ಈ ಯೋಜನೆಯ ಬಗ್ಗೆ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ವಿರೋಧದ ದನಿ ಎತ್ತಿದರು. ಅವರಲ್ಲಿ ಲಿಂಗನಮಕ್ಕಿಗೆ ಮನೆ ಬಿಟ್ಟವರ ಸಂತಾನವೂ ಇದೆ, ಮಳೆಗಾಲದಲ್ಲಿ ಉಪ್ಪಾಗೆ ಕೊಯ್ಯುವವರೂ ಇದ್ದಾರೆ. ಕಾಯಿ ಬಲಿಯುವ ಜೂನ್, ಜುಲೈ ತಿಂಗಳುಗಳಲ್ಲಿ ಅವರೂ ಸಿಂಗಳೀಕಗಳೂ ಒಂದೇ ಮರದ ಕೆಳಗೊಬ್ಬರು ಮೇಲೊಬ್ಬರು ಎಂಬಂತೆ ಎದುರಾಗುತ್ತಾರೆ.